ಏಳನೆಯ ಡಬ್ಬದ ಈಚೆ

ಸೆಪ್ಟೆಂಬರ್ 20, ಸಂಜೆ

ನಮ್ಮೂರಿನ ರೈಲ್ವೆ ಸ್ಟೇಷನ್ನಿನ ಗಡಿಯಾರವನ್ನು ಮೂವತ್ತು ವರ್ಷ, ನಾನು ಹಲ್ಲುಜ್ಜಲು ಹೊರಗೆ ಬರುವುದನ್ನು ನೋಡಿಯೇ ಸರಿಮಾಡಿಕೊಳ್ಳುತ್ತಿದ್ದರು. ಒಮ್ಮೆ ಜ್ವರ ಬಂದು ಮಲಗಿದೆ — ಎರಡು ರೈಲು ತಡ. ಸೂರ್ಯನಿಗೂ ನನಗೂ ಅಷ್ಟು ಹಳೆಯ ಸಲಿಗೆ.

ಇವತ್ತಿನ ಗೆರೆಯೂ ಆಯಿತು. ಮೆಟ್ಟಿಲ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಒಂದು ಕಣ್ಣು ಮುಚ್ಚಿದೆ. ಸೂರ್ಯ ಇಳಿದ ಜಾಗಕ್ಕೆ ನೇರವಾಗಿ, ಎದುರಿನ ಪ್ಯಾರಾಪೆಟ್ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ. ನಿನ್ನೆಯದಕ್ಕಿಂತ ಎಡಕ್ಕೆ ಎರಡು ಬೆರಳು. ಮೊನ್ನೆಯದಕ್ಕೂ ನಿನ್ನೆಯದಕ್ಕೂ ಎರಡೇ ಬೆರಳು. ಇಟ್ಟಿಗೆ ಸಾಲಿನ ಹಾಗೆ ಒಂದೇ ಸಮ. ಇಂಥ ಕೆಲಸಗಾರ ನನ್ನ ಕೈಕೆಳಗೆ ಒಬ್ಬನೂ ಇರಲಿಲ್ಲ.

ಟೆರೇಸಿನ ಬೀಗ ತೆಗೆಸಿ ಹತ್ತು ದಿನ. ಅಕ್ಕ ಈ ಕಟ್ಟಡದ ಎರಡನೆಯ ಮಹಡಿಗೆ ಬಾಡಿಗೆಗೆ ಬಂದು ನಾಲ್ಕು ವರ್ಷವಾಯಿತಂತೆ, ಒಮ್ಮೆಯೂ ಮೇಲೆ ಹತ್ತಿಲ್ಲ. ಕೆಳಗೆ ಬೀಗದಂಗಡಿ. ಅಂಗಡಿಯವನೇ ಕಟ್ಟಡದ ಯಜಮಾನ. ಬೀಗ ಮಾರುವವನಿಗೆ ಬೀಗ ಹಾಕುವ ಚಟ. ನಾನು ಬಂದು ಎರಡು ಸಲ ಚಹಾ ಕುಡಿಸಿದೆ, ಬೀಗದ ಕೈ ನನ್ನ ಜೇಬಿಗೆ ಬಂತು.

ಮೊಣಕಾಲು ಕೈಕೊಟ್ಟ ಮೇಲೆ ಕರಣೆ ಕೆಳಗಿಟ್ಟು ಇಲ್ಲಿಗೆ ಬಂದವನು. ಮೂವತ್ತೆಂಟು ವರ್ಷ ಗೋಡೆ ಎಬ್ಬಿಸಿದ ಕೈ ಸುಮ್ಮನಿರುವುದಿಲ್ಲ. ಏನಾದರೂ ಅಳೆಯುತ್ತಿರಬೇಕು.

ಅಕ್ಕ ಪರದೆ ಹೊಲಿಯುತ್ತ ಕೂತಿದ್ದಳು. ಮೆಷಿನ್ ನಿಲ್ಲಿಸಿ ಕೇಳಿದಳು.

"ಏನೋ ಅದು, ದಿನಾ ಸಂಜೆ ಮೇಲೆ ಹೋಗಿ ಗೋಡೆ ಗೀಚಿ ಬರ್ತೀಯಾ?"

"ಸೂರ್ಯನ ಹಾಜರಿ ತಗೊಳ್ತಿದೀನಿ ಅಕ್ಕ."

"ಸಂತೆಗೆ ಹೋಗಿ ಈರುಳ್ಳಿ ತಾ ಅಂದ್ರೆ ಮೊಣಕಾಲು ನೋವು. ಟೆರೇಸಿಗೆ ಹತ್ತೋಕೆ ನೋವಿಲ್ಲ."

ಸೀಮೆಸುಣ್ಣದ ಕೈ ತೊಳೆಯಲು ಒಳಗೆ ಹೋದೆ.

ಸೆಪ್ಟೆಂಬರ್ 29

ಇವತ್ತು ಚಿನಕುರಳಿ ಮೇಲೆ ಬಂದಳು. ಅಕ್ಕನ ಮಗಳು. ಹೆಸರಿಟ್ಟವನು ನಾನೇ — ಕಿಡಿ ತಾಕಿದರೆ ಸಾಕು. ಕಣ್ಣಿನ ಡಾಕ್ಟರ ಹತ್ತಿರ ಟೋಕನ್ ಕೊಡುವ ಕೆಲಸ. ದಿನವಿಡೀ 'ಕೂತ್ಕೊಳ್ಳಿ, ಕರೀತೀವಿ, ಕೂತ್ಕೊಳ್ಳಿ' ಎಂದು ಹೇಳಿ ಮನೆಗೆ ಬಂದರೆ ಯಾರೂ ಅವಳನ್ನು ಕೂರು ಎನ್ನಬಾರದು. ಎಂಟು ವರ್ಷ ಹಾಗೇ ಕಳೆದಿದೆ.

"ನಿಮ್ಮೂರಲ್ಲಿ ಸೂರ್ಯ ಎಲ್ಲಿ ಮುಳುಗ್ತಾನೆ, ಗೊತ್ತಾ?" ಎಂದೆ.

"ಪಶ್ಚಿಮಕ್ಕೆ."

"ಪಶ್ಚಿಮ ಅಂದ್ರೆ ಎಲ್ಲಿ? ಬೆರಳಿಟ್ಟು ತೋರಿಸು."

ತೋರಿಸಿದಳು. ಆಕಾಶದ ಅರ್ಧ ಭಾಗವನ್ನೇ ತೋರಿಸಿದಳು!

ಗೆರೆಗಳನ್ನು ತೋರಿಸಿದೆ. ಬಲಗಡೆ ಮನೆಗಳ ಮಾಳಿಗೆ ಸಾಲು — ಈಗ ಅಲ್ಲಿ ಮುಳುಗುತ್ತಿದ್ದಾನೆ. ದಿನದಿನವೂ ಎಡಕ್ಕೆ ಸರಿಯುತ್ತಾನೆ. ಮಾಳಿಗೆಗಳಾದ ಮೇಲೆ ಐಸ್ ಫ್ಯಾಕ್ಟರಿ. ಉದ್ದ ಕಟ್ಟಡ, ಚಪ್ಪಟೆ ತಲೆ, ತಲೆಯ ಮೇಲೆ ಸಾಲಾಗಿ ಏಳು ಫ್ಯಾನಿನ ಡಬ್ಬ. ಫ್ಯಾಕ್ಟರಿ ಮುಗಿದ ಕಡೆ ಒಂದು ಸಂದು. ಸಂದಿನಾಚೆ ಲಾಡ್ಜು. ಫ್ಯಾಕ್ಟರಿಗೂ ಲಾಡ್ಜಿಗೂ ನಡುವಿನ ಆ ಸಂದಿನಲ್ಲಿ...

"ಅಯ್ಯೋ, ಕಡಲು!" ಎಂದಳು.

ನಾಲ್ಕು ವರ್ಷ ಕಡಲಿನ ನೆತ್ತಿಯ ಮೇಲೆ ಮಲಗಿ ಎದ್ದಿದ್ದಾಳೆ, ಮನೆಯಿಂದ ಕಂಡಿರಲಿಲ್ಲ. ಅವರ ಕೋಣೆಯ ಕಿಟಕಿ ಪಕ್ಕದ ಗೋಡೆಗೆ ತೆರೆಯುತ್ತದೆ. ತುಂಬ ಹೊತ್ತು ನಿಂತಿದ್ದಳು. ಆಮೇಲೆ ತನ್ನಷ್ಟಕ್ಕೆ ಎಂದಳು — ಡಿಸೆಂಬರ್ ರಜೆಗೆ ಬರುವ ಜನ ಎಲ್ಲ ದೋಣಿ ನಿಲ್ಲುವ ಧಕ್ಕೆಯ ಹತ್ತಿರ ನಿಂತೇ ಸೂರ್ಯ ಮುಳುಗುವುದನ್ನು ನೋಡುತ್ತಾರೆ, ಕೂರಲು ಒಂದು ಕಲ್ಲಿಲ್ಲ, ಕುಡಿಯಲು ಒಳ್ಳೆಯ ಚಹಾ ಇಲ್ಲ. ಇಲ್ಲಿ ಹತ್ತು ಕುರ್ಚಿ ಹಾಕಿ, ಸೂರ್ಯ ಆ ಸಂದಿನಲ್ಲಿ ಕಡಲಿಗೆ ಇಳಿಯುವ ಹಾಗಿದ್ದರೆ...

"ಇಳೀತಾನೆ. ನಾನಿದೀನಲ್ಲ!" ಎಂದೆ.

ಬಾಯಿಂದ ಬಂದೇ ಹೋಯಿತು.

ಅಕ್ಟೋಬರ್ 15

ಮೋಡ ಹರಿಯಿತು. ಮೊದಲನೆಯ ಡಬ್ಬ ಮುಟ್ಟಿದ. ಬಲ ತುದಿಯದು. ಸೂರ್ಯ ಅದರ ಹಿಂದೆ ಇಳಿಯುವಾಗ ಡಬ್ಬದ ಜಾಲರಿ ಕೆಂಪಗೆ ಒಲೆಯ ಹಾಗೆ.

ಅಕ್ಟೋಬರ್ 23, ರಾತ್ರಿ

ಎರಡನೆಯ ಡಬ್ಬ! ಎಂಟು ದಿನಕ್ಕೆ ಒಂದು ಡಬ್ಬ.

ಲೆಕ್ಕ ಹಾಕಲು ಪೆನ್ಸಿಲ್ಲೂ ಬೇಕಾಗಲಿಲ್ಲ. ಇಷ್ಟು ಜನ ಇಷ್ಟು ದಿನಕ್ಕೆ ಇಷ್ಟು ಸಾಲು ಕಟ್ಟಿದರೆ ಗೋಡೆ ಯಾವಾಗ ಮುಗಿಯುತ್ತದೆ ಎಂದು ಮನೆ ಕಟ್ಟಿಸುವವರಿಗೆ ಸಾವಿರ ಸಲ ಹೇಳಿದ್ದೇನೆ, ಒಂದು ದಿನ ತಪ್ಪಿಲ್ಲ. ಉಳಿದದ್ದು ಐದು ಡಬ್ಬ. ನವೆಂಬರ್ ಮುಗಿಯುವಾಗ ಏಳನೆಯದು. ಡಿಸೆಂಬರ್ ಎರಡನೆಯ ವಾರದೊಳಗೆ ಫ್ಯಾಕ್ಟರಿ ದಾಟಿ ಸಂದಿಗೆ. ರಜೆಯ ಜನ ಬರುವುದೂ ಆಗಲೇ. ಆಮೇಲೆ ವರ್ಷದ ಕೊನೆಗೆ ಹೇಗೂ ತಿರುಗಿ ಬರುತ್ತಾನೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಒಂದೇ ಟಿಕೆಟ್ಟಿಗೆ ಎರಡು ಆಟ.

ಊಟಕ್ಕೆ ಕೂತಾಗ ಹೇಳಿದೆ. ಚಿನಕುರಳಿಯ ಕೈ ತಟ್ಟೆಯಲ್ಲೇ ನಿಂತಿತು.

"ಖಂಡಿತಾನಾ ಮಾವ?"

"ಸೂರ್ಯ ನಮ್ಮ ಕಡೆಯವನು."

ಅಕ್ಕ ಎಂದಳು, "ಬುರುಡೆ ಮಾವನ ಮಾತು ಕೇಳಿ ಕೆಲಸ ಬಿಟ್ಟೀಯೆ, ಜೋಕೆ."

"ನೀನೇ ಬಂದು ಗೆರೆ ನೋಡು ಅಕ್ಕ, ಗೆರೆ ಸುಳ್ಳು ಹೇಳುತ್ತಾ?"

ಬಂದು ನೋಡಿದಳು. ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ, ಟಾರ್ಚಿನ ಬೆಳಕಿನಲ್ಲಿ ಗೆರೆಗಳ ಮೇಲೆ ಬೆರಳಿಟ್ಟು ಒಂದೊಂದನ್ನೇ ಅಳೆದಳು. ಹೊಲಿಗೆಯವಳ ಕಣ್ಣು, ಒಂದು ನೂಲಿನ ವ್ಯತ್ಯಾಸ ಬಿಡುವುದಿಲ್ಲ. ಏನೂ ಅನ್ನದೆ ಇಳಿದು ಹೋದಳು. ಅಂದರೆ ಒಪ್ಪಿದಳು.

ಅಕ್ಟೋಬರ್ 27

ಟೆರೇಸು ಮೂರು ವರ್ಷಕ್ಕೆ ನಮ್ಮದು, ಅಡ್ವಾನ್ಸ್ ಬೇರೆ, ಡಿಸೆಂಬರಿನಿಂದ ತಿಂಗಳ ಬಾಡಿಗೆ ಬೇರೆ. ಚಿನಕುರಳಿ ಕೂಡಿಟ್ಟ ಹಣ ನಲವತ್ತು ಸಾವಿರ. ಅಷ್ಟೇ ಅಡ್ವಾನ್ಸಿಗೆ ಇಳಿಸಿ ಬಂದೆ ಎಂದು ಮನೆಯಲ್ಲಿ ಹೇಳಿದ್ದೇನೆ. ಅವಳು ಕುಣಿದಳು. "ಬೀಗದಂಗಡಿಯವನನ್ನ ಇಳಿಸಿದೆಯಾ? ಅವನು ಬಾಡಿಗೆ ಒಂದು ದಿನ ತಡ ಆದ್ರೆ ನಲ್ಲಿ ನಿಲ್ಲಿಸ್ತಾನೆ!"

"ಮಾತಾಡೋ ರೀತೀಲಿ ಮಾತಾಡ್ಬೇಕು."

ಬೀಗದವನು ಇಳಿಯುವ ಪೈಕಿ ಅಲ್ಲ. ಬಾಯಿಗೆ ಬಂದದ್ದು ಕೇಳಿದ, ಅಲ್ಲೇ ಕೂತ. 'ಮೇಸ್ತ್ರಿ, ಸೂರ್ಯ ಕಾಣೋ ಟೆರೇಸು ಅಂತ ನೀವೇ ಹೇಳಿದ ಮೇಲೆ ರೇಟು ಬೇರೆ ಅಲ್ವಾ?' ಅಂದ. ನನ್ನ ಬಾಯಿ ನನಗೇ ಮುಳುವಾಯಿತು. ವರ್ಷ ತುಂಬುವ ಮೊದಲು ಬಿಟ್ಟರೆ ಅಡ್ವಾನ್ಸ್ ವಾಪಸ್ ಇಲ್ಲ ಎಂಬ ಸಾಲೂ ಕಾಗದದಲ್ಲಿದೆ. ನಲವತ್ತರ ಮೇಲಿನದನ್ನು ನಾನು ಕೊಟ್ಟೆ. ಹೆಚ್ಚೇನಲ್ಲ. ಬೀಡಿ ಕಾಸು.

ಅವಳಿಗೆ ಹೇಳುವುದು ಬೇಡ. ಹೇಳಿದರೆ ಟೆರೇಸೇ ಬೇಡ ಎನ್ನುತ್ತಾಳೆ. ಸ್ವಾಭಿಮಾನ ಅವರಪ್ಪನದು, ಮೂಗು ನಮ್ಮ ಮನೆಯದು.

ಅಕ್ಟೋಬರ್ 31

ಮೂರನೆಯ ಡಬ್ಬ. ಹೇಳಿದ ದಿನಕ್ಕೆ ಸರಿಯಾಗಿ. ಕೆಳಗೆ ಇಳಿದು ಬಂದವನೇ ಬೀಗದಂಗಡಿ, ಔಷಧಿ ಅಂಗಡಿ, ಸೈಕಲ್ ಅಂಗಡಿ, ಎಲ್ಲರಿಗೂ ಹೇಳಿ ಬಂದೆ. ಸೈಕಲ್ಲಿನವನು "ಏನು ಸಾರ್, ಸೂರ್ಯನಿಗೂ ನೀವೇ ಕಂಟ್ರಾಕ್ಟರಾ?" ಎಂದ. ಹೌದು ಎಂದೆ.

ಚಿನಕುರಳಿ ಡಾಕ್ಟರಿಗೆ ನೋಟಿಸ್ ಕೊಟ್ಟಳು. ಮುಂದಿನ ತಿಂಗಳ ಕೊನೆಗೆ ಕೆಲಸ ಮುಗಿಯುತ್ತದೆ.

ನವೆಂಬರ್ 8

ನಾಲ್ಕನೆಯ ಡಬ್ಬ ಇವತ್ತು ಬರಬೇಕಿತ್ತು. ಬಂದಿಲ್ಲ. ಹತ್ತಿರ ಇದ್ದಾನೆ.

ಸಿಮೆಂಟು ಮರಳು ತರಿಸಿ ಪ್ಯಾರಾಪೆಟ್ ಗೋಡೆಯ ಬಿರುಕು ಮುಚ್ಚಿದೆ. ಗಿರಾಕಿಗಳು ಒರಗುವ ಗೋಡೆ. ಗೆರೆಗಳಿದ್ದ ಜಾಗ ಮಾತ್ರ ಮುಟ್ಟಲಿಲ್ಲ.

ನವೆಂಬರ್ 10, ಸಂಜೆ

ಬಂದ. ಎರಡು ದಿನ ತಡ. ಮೋಡದಿಂದ ನನಗೆ ಸರಿಯಾಗಿ ಕಾಣದೆ ಇದ್ದಿರಬೇಕು.

ಎರಡು ದಿನ ಮೋಡವೇ ಇರಲಿಲ್ಲ ಎಂಬುದು ಬೇರೆ ಮಾತು.

ನವೆಂಬರ್ 16

ಕೂರಲಾಗುತ್ತಿಲ್ಲ. ಬೆಳಗ್ಗೆ ಎದ್ದರೆ ಸಂಜೆ ಯಾವಾಗ ಎನಿಸುತ್ತದೆ. ಮಧ್ಯಾಹ್ನ ಮೂರಕ್ಕೇ ಮೇಲೆ ಹೋಗುತ್ತೇನೆ, ಇಳಿಯುತ್ತೇನೆ, ಮತ್ತೆ ಹೋಗುತ್ತೇನೆ. ಸೀಮೆಸುಣ್ಣ ದಪ್ಪವಾಯಿತೆಂದು ಪೆನ್ಸಿಲ್ ತೆಗೆದುಕೊಂಡೆ. ನಿಲ್ಲುವ ಜಾಗ ತಪ್ಪುತ್ತಿದೆ ಎಂದು ನೆಲದ ಮೇಲೆ ನನ್ನ ಎರಡು ಪಾದದ ಸುತ್ತ ಗೆರೆ ಎಳೆದೆ. ಪಾದ ಇಟ್ಟಲ್ಲೇ ಇದೆ. ತಲೆ ಬಾಗಿಲಿಗೆ ಅಂಟಿಸಿಯೇ ನಿಂತೆ.

ಒಂದು ಬೆರಳು. ಎರಡಲ್ಲ. ಒಂದು ಬೆರಳಿಗಿಂತ ಸ್ವಲ್ಪ ಹೆಚ್ಚು, ನಾನು ಧಾರಾಳವಾಗಿ ನೋಡಿದರೆ.

ಕೆಲಸದ ಕೊನೆಗೆ ಆಳು ಸೋಮಾರಿಯಾಗುವುದು ಇದ್ದದ್ದೇ. ಬೈದರೆ ಮತ್ತೆ ಚುರುಕಾಗುತ್ತಾನೆ. ಇವನನ್ನು ಬೈಯುವುದು ಹೇಗೆ?

ನವೆಂಬರ್ 22, ಸಂಜೆ

ಐದನೆಯದು. ಹನ್ನೆರಡು ದಿನ ತೆಗೆದುಕೊಂಡ.

ಮೂರನೆಯ ಕ್ಲಾಸಿನಲ್ಲಿ ಮೇಷ್ಟ್ರು ಬಾಯಿಪಾಠ ಮಾಡಿಸಿದ್ದರು. ಸೂರ್ಯ ಆರು ತಿಂಗಳು ದಕ್ಷಿಣಕ್ಕೆ ಹೋಗುತ್ತಾನೆ, ಆರು ತಿಂಗಳು ಉತ್ತರಕ್ಕೆ ಬರುತ್ತಾನೆ. ನಾನು ಕ್ಲಾಸಿಗೇ ಮೊದಲು ಒಪ್ಪಿಸಿದವನು. ಹೋಗುತ್ತಾನೆ ಅಂದರು, ಬರುತ್ತಾನೆ ಅಂದರು. ಎಲ್ಲಿಯವರೆಗೆ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ತಿರುಗುವ ಮೊದಲು ಹೀಗೆ ಕಾಲೆಳೆಯುತ್ತಾನೆ ಎಂದೂ ಹೇಳಲಿಲ್ಲ. ಇಟ್ಟಿಗೆ ಕಟ್ಟುವವನು ನಿಲ್ಲುವ ದಿನದವರೆಗೂ ಒಂದೇ ಸಮ ಕಟ್ಟುತ್ತಾನೆ. ಸಂಜೆಯಾಯಿತು, ಕರಣೆ ತೊಳೆದ, ಹೋದ. ನಾನು ಇವನನ್ನೂ ಹಾಗೇ ಅಂದುಕೊಂಡೆ. ಇವನು ಗಾಡಿ ನಿಲ್ಲಿಸುವವನ ಹಾಗೆ, ಮೊದಲು ನಿಧಾನ, ಇನ್ನೂ ನಿಧಾನ, ಆಮೇಲೆ...

ಈಗ ಹೊಸ ಲೆಕ್ಕ ಹಾಕಬಹುದಿತ್ತು. ಹಾಕಲಿಲ್ಲ.

ನವೆಂಬರ್ 30

ಕೆಲಸದ ಕೊನೆಯ ದಿನ ಮುಗಿಸಿ ಬಂದಳು. ಡಾಕ್ಟರು ಒಂದು ಗೋಡೆ ಗಡಿಯಾರ ಕೊಟ್ಟಿದ್ದಾರೆ. ಸ್ಟೂಲ್ ಹಾಕಿ ಅದನ್ನು ನಾನು ಮೊಳೆಗೆ ಹಾಕುತ್ತಿದ್ದೆ. ಕೆಳಗೆ ನಿಂತು ಸ್ಟೂಲ್ ಹಿಡಿದುಕೊಂಡವಳು ಇದ್ದಕ್ಕಿದ್ದ ಹಾಗೆ ಕೇಳಿದಳು.

"ಮಾವ, ನಿಜ ಹೇಳು. ಬರ್ತಾನಾ?"

"ಯಾರು?"

"ಆಟ ಆಡ್ಬೇಡ. ಬೋರ್ಡ್ ಬರೆಯೋನು ನಾಳೆ ಬರ್ತಾನೆ. 'ಕಡಲಿಗಿಳಿಯುವ ಸೂರ್ಯ, ಕೈಯಲ್ಲಿ ಚಹಾ' ಅಂತ ಬರೆಸ್ತಾ ಇದೀನಿ. ಡಾಕ್ಟರನ್ನ ಕರೆದಿದೀನಿ. ಹದಿನೈದಕ್ಕೆ ಶುರು. ಬೇಡ ಅನ್ನೋದಾದ್ರೆ ಇವತ್ತೇ ಅನ್ನು. ಇವತ್ತಾದ್ರೆ ಡಾಕ್ಟರು ವಾಪಸ್ ತಗೊಳ್ತಾರೆ, ಹೊಸಬರು ಯಾರೂ ಸಿಕ್ಕಿಲ್ಲ ಇನ್ನೂ."

ನಾನು ಮೇಲಿದ್ದೆ. ಅವಳ ಮುಖ ಕೆಳಗಿತ್ತು. ನೆತ್ತಿಯ ಬೈತಲೆಯಲ್ಲಿ ಎರಡು ಬಿಳಿ ಕೂದಲು.

"ಬರ್ತಾನೆ," ಎಂದೆ.

ಗಡಿಯಾರ ಸೊಟ್ಟಗಾಗಿದೆ ಎಂದಳು. ಸರಿಮಾಡಿದೆ.

ಡಿಸೆಂಬರ್ 6, ಸಂಜೆ

ಗೆರೆಗಳು ಈಗ ಒಂದಕ್ಕೊಂದು ಅಂಟಿಕೊಂಡಿವೆ. ಬೆರಳು ತೂರಿಸಲಾಗುವುದಿಲ್ಲ. ಆರನೆಯ ಡಬ್ಬವನ್ನು ಇನ್ನೂ ಮುಟ್ಟಿಲ್ಲ.

ಆದರೆ ಒಂದು ಕಂಡುಹಿಡಿದೆ! ಚಡಪಡಿಸುತ್ತ ಟೆರೇಸಿನ ಸುತ್ತ ತಿರುಗುವಾಗ ಎಡ ಮೂಲೆಗೆ ಹೋದೆ. ಅಲ್ಲಿ ಸಿಮೆಂಟಿನ ನೀರಿನ ಟ್ಯಾಂಕು. ಟ್ಯಾಂಕಿಗೂ ಪ್ಯಾರಾಪೆಟ್ಟಿಗೂ ನಡುವೆ ಒಬ್ಬ ಮನುಷ್ಯ ಪಕ್ಕವಾಗಿ ತೂರುವಷ್ಟು ಜಾಗ. ತೂರಿದೆ. ಹೊಟ್ಟೆ ಒಳಗೆಳೆದು ನಿಂತು ನೋಡಿದರೆ ಫ್ಯಾಕ್ಟರಿಯೇ ಬಲಕ್ಕೆ ಸರಿದಿತ್ತು. ಸೂರ್ಯ ಸರಿಯಲಿಲ್ಲ, ಸರಿದವನು ನಾನು. ಏಳನೆಯ ಡಬ್ಬದ ಪಕ್ಕದಿಂದ, ಸಂದಿನಲ್ಲಿ, ಕಡಲಿನ ಮೇಲೆ ಅರ್ಧ ಸೂರ್ಯ. ಆರೆಂಜು ತುಂಡಿನ ಹಾಗೆ.

ಟ್ಯಾಂಕು ಒಡೆದರೆ ಆ ಮೂಲೆಯಲ್ಲಿ ನಾಲ್ಕು ಕುರ್ಚಿ ಹಿಡಿಯುತ್ತವೆ. ಒಡೆಯಲು ನನಗೆ ಅರ್ಧ ದಿನ ಸಾಕು. ಕೆಳಗಿನ ಮೂರು ಮನೆಗೂ ಅದರದೇ ನೀರು.

ಅಲ್ಲಿಗೆ ಒಬ್ಬೊಬ್ಬರನ್ನೇ ಬಿಟ್ಟರೆ?

ಡಿಸೆಂಬರ್ 11

ಆರನೆಯ ಡಬ್ಬ. ಎಷ್ಟು ದಿನ ತೆಗೆದುಕೊಂಡ ಎಂದು ಬರೆಯಲು ಮನಸ್ಸಿಲ್ಲ.

ಬೋರ್ಡು ಬಂತು. ಅಕ್ಷರ ಚೆನ್ನಾಗಿ ಬರೆದಿದ್ದಾನೆ. ಕುರ್ಚಿಗಳೂ ಬಂದವು, ಹತ್ತು. ಎಲ್ಲವನ್ನೂ ಸಂದಿನ ಕಡೆ ಮುಖ ಮಾಡಿ ಚಿನಕುರಳಿಯೇ ಇಟ್ಟಳು. ಇಟ್ಟು, ಒಂದರಲ್ಲಿ ಕೂತು, ಕಡಲು ನೋಡಿದಳು. ಸೂರ್ಯ ಫ್ಯಾಕ್ಟರಿಯ ಹಿಂದೆ ಇಳಿದದ್ದನ್ನು ನೋಡಿದಳೋ ಇಲ್ಲವೋ. ಕೇಳಲಿಲ್ಲ.

ಡಿಸೆಂಬರ್ 16, ಬೆಳಗ್ಗೆ

ನಿನ್ನೆಯದನ್ನು ನಿನ್ನೆಯೇ ಬರೆಯಲಾಗಲಿಲ್ಲ.

ಒಂಬತ್ತು ಜನ ಬಂದರು. ಕಣ್ಣಿನ ಡಾಕ್ಟರು, ಅವರ ಹೆಂಡತಿ, ಔಷಧಿ ಅಂಗಡಿಯವನು, ಸೈಕಲ್ಲಿನವನು, ಲಾಡ್ಜಿನಲ್ಲಿ ಇಳಿದ ಐದು ಜನ ಪ್ರವಾಸಿಗಳು. ಅಕ್ಕ ಹೊಸ ಪರದೆ ಹೊಲಿದು ಮೆಟ್ಟಿಲ ಕೋಣೆಗೆ ಇಳಿಬಿಟ್ಟಿದ್ದಳು. ಚಹಾ ನಿಜಕ್ಕೂ ಚೆನ್ನಾಗಿತ್ತು. ಗಾಳಿ ಇತ್ತು. ಎಲ್ಲರೂ ಸಂದಿನ ಕಡೆ ಮುಖ ಮಾಡಿ, ಕಪ್ಪು ಹಿಡಿದು, ಸಿನಿಮಾ ಶುರುವಾಗುವುದನ್ನು ಕಾಯುವ ಹಾಗೆ ಕೂತರು. ಬಲಗಡೆ ಐಸ್ ಫ್ಯಾಕ್ಟರಿಯ ನೆತ್ತಿಯ ಮೇಲೆ ಸೂರ್ಯ ಇಳಿಯುತ್ತಿದ್ದ. ಯಾರೂ ಆ ಕಡೆ ನೋಡುತ್ತಿಲ್ಲ. ನಾನೊಬ್ಬನೇ ನೋಡುತ್ತಿದ್ದೇನೆ. ಚಿನಕುರಳಿ ನನ್ನನ್ನು ನೋಡುತ್ತಿದ್ದಾಳೆ.

ಡಾಕ್ಟರೇ ಮೊದಲು ಕೇಳಿದರು. "ಮೇಸ್ತ್ರಿಗಳೇ, ಸೂರ್ಯ ಆ ಕಡೆ ಹೋಗ್ತಾ ಇದ್ದಾನಲ್ಲ?"

"ಅದು ದಾರಿ ಸಾರ್. ಇಳಿಯೋದು ಇಲ್ಲಿ. ಬನ್ನಿ, ಸ್ಪೆಷಲ್ ಜಾಗ ಇದೆ. ಒಬ್ಬೊಬ್ಬರಾಗಿ ಬರಬೇಕು."

ಟ್ಯಾಂಕಿನ ಮೂಲೆಗೆ ಕ್ಯೂ ನಿಲ್ಲಿಸಿದೆ. ಬೇರೇನು ಮಾಡಲಿ! ಲಾಡ್ಜಿನ ದಪ್ಪನೆಯ ಹೆಂಗಸೊಬ್ಬರು ಮೊದಲು ತೂರಿದರು, ಅರ್ಧದಲ್ಲಿ ಸಿಕ್ಕಿಕೊಂಡರು. ಅವರನ್ನು ಎಳೆದು ತೆಗೆಯುವಷ್ಟರಲ್ಲಿ ಸೂರ್ಯನ ಕಾಲುಭಾಗ ನೀರಿನಲ್ಲಿ. ಆಮೇಲೆ ಅವರ ಗಂಡ. ತೆಳ್ಳಗಿನವರು, ಸಲೀಸಾಗಿ ತೂರಿದರು, "ಆಹಾ!" ಎಂದರು, ಹೊರಗೆ ಬರಲೊಲ್ಲರು. ಹಿಂದಿನಿಂದ ಸೈಕಲ್ಲಿನವನು "ಸಾರ್, ಬೇರೆಯವರಿಗೂ ಸ್ವಲ್ಪ ಬಿಡಿ" ಎನ್ನುತ್ತಿದ್ದಾನೆ. ಔಷಧಿ ಅಂಗಡಿಯವನಿಗೆ ಒಂದು ಉಗುರಿನಷ್ಟು ಕಂಡಿತಂತೆ. ಡಾಕ್ಟರ ಸರದಿ ಬರುವಾಗ ಕಡಲು ಬೂದಿ ಬಣ್ಣ.

ಡಾಕ್ಟರು ಟ್ಯಾಂಕಿನ ಸಂದಿನಿಂದ ಪಕ್ಕವಾಗಿ ಹೊರಗೆ ಬಂದು, ಕೋಟಿನ ಸುಣ್ಣ ಒರೆಸಿಕೊಂಡು, ಚಿನಕುರಳಿಗೆ ಎಂದರು:

"ನನ್ನ ಟೋಕನ್ ನಂಬರ್ ಯಾಕಮ್ಮ ಇಷ್ಟು ಹಿಂದೆ?"

ಎಲ್ಲರೂ ನಕ್ಕರು. ಅವಳೂ ನಕ್ಕಳು. ಜೋರಾಗಿ, ಕಣ್ಣಲ್ಲಿ ನೀರು ಬರುವಷ್ಟು. ಎಲ್ಲರಿಗಿಂತ ಕೊನೆಗೆ ನಿಲ್ಲಿಸಿದವಳು ಅವಳೇ.

ಜನ ಇಳಿದು ಹೋದ ಮೇಲೆ ಕಪ್ಪು ತೊಳೆಯುತ್ತಿದ್ದಳು. ನಾನು ಒರೆಸಲು ಹೋದೆ.

"ನಾಳೆ ಬರ್ತಾನೆ. ಒಂದು ಡಬ್ಬ ಅಷ್ಟೇ ಬಾಕಿ," ಎಂದೆ.

"ಮಾವ," ಎಂದಳು, ತಲೆ ಎತ್ತದೆ, "ಗೆರೆಗಳು ಒಂದರ ಮೇಲೊಂದು ಬೀಳ್ತಾ ಇದ್ದಿದ್ದು ನನಗೂ ಕಾಣಿಸಿತ್ತು. ಕೆಲಸ ಬಿಡೋ ದಿನಾನೇ ಹೋಗಿ ನೋಡಿದ್ದೆ. ಅದಕ್ಕೇ ನಿನ್ನ ಕೇಳಿದ್ದು."

ಕಪ್ಪು ಕೈಯಿಂದ ಜಾರಲಿಲ್ಲ, ಏನೂ ಆಗಲಿಲ್ಲ. ಒರೆಸಿ ಇಟ್ಟೆ. ಇನ್ನೊಂದು ತೆಗೆದುಕೊಂಡೆ.

ಡಿಸೆಂಬರ್ 19

ಅದೇ ಗೆರೆ.

ಡಿಸೆಂಬರ್ 22

ಅದೇ ಗೆರೆ. ಉಜ್ಜಿ ಉಜ್ಜಿ ಪೆನ್ಸಿಲ್ ಮೊಂಡಾಯಿತು. ಇವತ್ತು ಇಬ್ಬರು ಬಂದಿದ್ದರು, ಚಹಾ ಕುಡಿದು, ಫ್ಯಾಕ್ಟರಿ ನೋಡಿ ಹೋದರು.

ಡಿಸೆಂಬರ್ 26

ಅದೇ ಗೆರೆ. ಧಕ್ಕೆಯ ಹತ್ತಿರ ಜನವೋ ಜನ. ಹೋಗಿ ನೋಡಿದೆ. ಎಲ್ಲರೂ ನಿಂತೇ ನೋಡುತ್ತಾರೆ. ಕೂರಲು ಒಂದು ಕಲ್ಲಿಲ್ಲ, ಆದರೂ ಯಾರೂ ನಮ್ಮ ಟೆರೇಸಿಗೆ ಬರುವುದಿಲ್ಲ. ಒಬ್ಬನನ್ನು ತಡೆದು ಹೇಳಿದೆ, ಮೇಲೆ ಕುರ್ಚಿ ಇದೆ, ಒಳ್ಳೆಯ ಚಹಾ ಇದೆ ಎಂದು. "ಸೂರ್ಯ ಕಾಣುತ್ತಾ?" ಎಂದ. ಮಾತು ಬದಲಿಸಿದೆ. ನಾನು! ಮಾತು ಬದಲಿಸಿದೆ.

ಜನವರಿ 4, ಸಂಜೆ

ಗೆರೆ ಬಲಕ್ಕೆ ಬಂತು. ಕೂದಲೆಳೆಯಷ್ಟು. ಮೂರು ಸಲ ನೋಡಿದೆ. ತಿರುಗಿದ್ದಾನೆ. ಏಳನೆಯ ಡಬ್ಬವನ್ನು ಮುಟ್ಟಲೇ ಇಲ್ಲ. ಟ್ಯಾಂಕಿನ ಮೂಲೆಯಿಂದಲೂ ಇನ್ನು ಕೆಲವೇ ದಿನ.

ಚಿನಕುರಳಿಗೆ ಹೇಳುವುದು ಹೇಗೆ ಎಂದು ಮೆಟ್ಟಿಲ ಮೇಲೆ ನಿಂತು ಪದ ಹೊಂದಿಸುತ್ತಿದ್ದೆ. ಅವಳೇ ಹತ್ತಿ ಬಂದಳು. ಪಕ್ಕದಲ್ಲಿ ಕೂತಳು.

"ಡಾಕ್ಟರ ಹತ್ತಿರ ಹೋಗಿದ್ದೆ ಮಾವ. ಹೊಸ ಹುಡುಗಿ ಸರಿ ಇಲ್ವಂತೆ. ಹದಿಮೂರರಿಂದ ಬಾ ಅಂದರು."

"ಮೂರು ತಿಂಗಳು ನೋಡೋಣ. ಮಾರ್ಚ್‌ಗೆ..."

"ಮಾರ್ಚ್‌ಗೆ ಅವನು ಮನೆಗಳ ಹಿಂದೆ ಇರ್ತಾನೆ. ನೀನೇ ತೋರಿಸಿದ್ದೆ." ಬೆರಳು ಮಡಚಿ ತಿಂಗಳು ಎಣಿಸಿದಳು. "ತಿಂಗಳು ತಿಂಗಳು ಬಾಡಿಗೆ ಕಟ್ಟೋಕೆ ನನ್ನ ಹತ್ತಿರ ಇಲ್ಲ. ನಲವತ್ತು ಹೋಯ್ತು ಅಂತ ಬಿಟ್ಟುಬಿಡ್ತೀನಿ. ಒಂದು ಸಮಾಧಾನ, ನಿಂದು ಏನೂ ಹೋಗಲಿಲ್ಲ."

ನನ್ನ ಬೆನ್ನು ತಟ್ಟಿದಳು. ನನ್ನನ್ನು ಸಮಾಧಾನ ಮಾಡುತ್ತಿದ್ದಾಳೆ! ನನಗೆ ಎದ್ದು ಓಡಬೇಕೆನಿಸಿತು. ಮೊಣಕಾಲು ಬಿಡಲಿಲ್ಲ.

"ನಿಂದೇನಾದ್ರೂ ಹೋಯ್ತಾ ಮಾವ?"

"ಮೆಟ್ಟಿಲು ಹತ್ತಿ ಇಳಿದು ಒಂದು ಜೊತೆ ಚಪ್ಪಲಿ ಸವೀತು. ಅಷ್ಟೇ."

ಜನವರಿ 7

ಬೆಳಗ್ಗೆ ಹೇಳಿದಳು, "ಬೀಗದಂಗಡಿಯವನ ಹತ್ತಿರ ಇನ್ನೊಂದು ಸಲ ಮಾತಾಡ್ತೀಯಾ ಮಾವ? ನೀನು ಇಳಿಸಿದವನಲ್ವಾ. ಹತ್ತು ಸಾವಿರ ವಾಪಸ್ ಕೊಟ್ಟರೂ ಸಾಕು."

"ಹತ್ತು ಯಾಕೆ? ನಲವತ್ತೂ ತರ್ತೀನಿ," ಎಂದೆ. ಬಾಯಿ ಕಟ್ಟಿಸಿಕೊಳ್ಳಬೇಕು ನಾನು.

ಬೀಗದವನು ಕೀಲಿಯನ್ನು ಅರದಿಂದ ಉಜ್ಜುತ್ತ ಕೂತಿದ್ದ. ಕಾಗದ ತೆಗೆದು ಆ ಸಾಲಿನ ಮೇಲೆ ಬೆರಳಿಟ್ಟ. ವರ್ಷ ತುಂಬಿಲ್ಲ, ವಾಪಸ್ ಇಲ್ಲ. ಮಧ್ಯಾಹ್ನದವರೆಗೆ ಅಂಗಡಿಯ ಮುಂದೆಯೇ ಕೂತೆ. ಬರುವ ಗಿರಾಕಿಗಳಿಗೆಲ್ಲ ಹಳೆಯ ಕಥೆ ಹೇಳಿದೆ, ಬೀಗದ ಬಗ್ಗೆ ನನಗೆ ಗೊತ್ತಿಲ್ಲದ್ದೆಲ್ಲ ಹೇಳಿದೆ, ಯಾವ ಬೀಗ ಮೊಳೆಯಿಂದ ತೆರೆಯುತ್ತದೆ ಎಂದೂ ಹೇಳಿದೆ. ಇಬ್ಬರು ಕೊಳ್ಳದೆ ಹೋದರು.

ಅದರ ನಡುವೆ ಟೇಪು ಹಿಡಿದ ಒಬ್ಬ ಬಂದು ಟೆರೇಸಿನ ಅಗಲ ಕೇಳಿದ. ಜಾಹೀರಾತು ಬೋರ್ಡಿನ ಕಂಪನಿಯವನು. ಬೀಗದವನು ಕಣ್ಣಲ್ಲೇ ಅವನನ್ನು ಕಳುಹಿಸಿದ. ಓಹೋ!

"ಟೆರೇಸು ಮೂರು ವರ್ಷ ನಮ್ಮದು," ಎಂದೆ. "ಬಿಡೋ ಮನಸ್ಸೇ ಇಲ್ಲ ನನಗೆ. ಗಾಳಿ ಎಷ್ಟು ಚೆನ್ನಾಗಿ ಬರುತ್ತೆ."

ಅರ ನಿಂತಿತು. "ಎಷ್ಟು ಬೇಕು ಮೇಸ್ತ್ರಿ?"

ಇಪ್ಪತ್ತು ಎಂದ. ನಾನು ಪೂರ್ತಿ ಎಂದೆ. ಎದ್ದು ಹೊರಟೆ, ಕರೆದ. ಮತ್ತೆ ಹೊರಟೆ, ಮತ್ತೆ ಕರೆದ. ಮೂರನೆಯ ಸಲ ಕರೆಯುವ ಲಕ್ಷಣ ಕಾಣಲಿಲ್ಲ, ನಾನೇ ತಿರುಗಿದೆ. ನಲವತ್ತಕ್ಕೆ ನಿಂತ. ಅದಕ್ಕಿಂತ ಒಂದು ಪೈಸೆ ಇಲ್ಲ ಎಂದ. ಈ ಸಲ ನಿಜವಾಗಿಯೂ ಮಾತಾಡಿಯೇ ತಂದದ್ದು. ನಾನು ಕೊಟ್ಟ ಅಡ್ವಾನ್ಸ್ ಒಟ್ಟು ಎಷ್ಟು ಎಂದು ಮನೆಯವರಿಗೆ ಹೇಳಬಾರದು ಎಂದೆ. ಅವನು ನನ್ನ ಮುಖವನ್ನೇ ನೋಡಿ, "ನನಗ್ಯಾಕೆ ಬೇಕು?" ಎಂದು ಮತ್ತೆ ಅರ ಹಿಡಿದ.

ಜನವರಿ 8

ನಲವತ್ತು ಸಾವಿರವನ್ನು ಚಿನಕುರಳಿಯ ಮಡಿಲಿಗೆ ಹಾಕಿದೆ. ಎಣಿಸಿದಳು. ಮತ್ತೆ ಎಣಿಸಿದಳು.

"ಪೂರ್ತಿ? ಪೂರ್ತಿ ಕೊಟ್ಟನಾ?"

"ಕೊಡದೆ ಏನು ಮಾಡ್ತಾನೆ?"

ಅವಳು ಅತ್ತಳು. ಹತ್ತು ಕುರ್ಚಿಯೂ ಅಂಗಡಿಗೆ ಕೊಟ್ಟ ಬೆಲೆಗೇ ವಾಪಸ್ ಹೋಗುತ್ತವಂತೆ. ಬೋರ್ಡಿನ ಹಲಗೆಯನ್ನು ಅಕ್ಕ ತನ್ನ ಕತ್ತರಿಸುವ ಮೇಜಿಗೆ ಹಾಕಿಕೊಂಡಳು, ಅಕ್ಷರ ಕೆಳಗೆ ಮಾಡಿ.

ಸಂಜೆ ಮೆಟ್ಟಿಲಿನಲ್ಲಿ ಕೆಳಮನೆಯವಳಿಗೆ ಅಕ್ಕ ಹೇಳುತ್ತಿದ್ದಳು. ನಾನು ಬಾಗಿಲ ಹಿಂದೆ ಇದ್ದೆ.

"ನನ್ನ ತಮ್ಮ ಹೋಗಿ ಕೂತ ನೋಡು, ಬೀಗದವನು ಬಾಯಿ ಮುಚ್ಕೊಂಡು ಪೂರ್ತಿ ಎಣಿಸಿ ಕೊಟ್ಟ. ಒಂದು ಪೈಸೆ ಹೋಗಲಿಲ್ಲ ನಮ್ಮದು. ನನ್ನ ತಮ್ಮನ ಹಾಗೆ ವ್ಯವಹಾರ ಮಾಡೋರು ಯಾರಿದ್ದಾರೆ ಹೇಳು!"

ಅರವತ್ತೆರಡು ವರ್ಷದಲ್ಲಿ ನನ್ನ ಬಗ್ಗೆ ಅಕ್ಕ ಯಾರಿಗಾದರೂ ಹೀಗೆ ಹೇಳಿದ್ದು ಇದೇ ಮೊದಲು. ಎಷ್ಟೋ ಸಲ ನಾನೇ ನನ್ನ ಬಗ್ಗೆ ಹೇಳಿಕೊಂಡೆ, ಒಬ್ಬರೂ ನಂಬಲಿಲ್ಲ. ಇದನ್ನು ನಂಬಿದರು.

ಕೆಮ್ಮಿ ಹೊರಗೆ ಬಂದು ಈರುಳ್ಳಿ ತರಲು ಹೋದೆ.

ಜನವರಿ 13, ಸಂಜೆ

ಚಿನಕುರಳಿ ಕೆಲಸಕ್ಕೆ ಹೋದಳು. ಟೆರೇಸಿಗೆ ಹೊಸ ಬೀಗ. ಮೇಲೆ ಕಬ್ಬಿಣ ಬಡಿಯುವ ಸದ್ದು. ಇವತ್ತು ಎಲ್ಲಿ ಮುಳುಗಿದನೋ ಕಾಣಲಿಲ್ಲ. ಆರನೆಯ ಡಬ್ಬವನ್ನು ಈಚೆಗೆ ದಾಟಿರಬೇಕು. ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ ಓಡಾಡಿದೆ. "ಕೂತ್ಕೊಳೋ, ತಲೆ ತಿರುಗುತ್ತೆ ನಿನ್ನ ನೋಡಿದ್ರೆ," ಎಂದಳು ಅಕ್ಕ. ಕೂತು ಇದನ್ನು ಬರೆಯುತ್ತಿದ್ದೇನೆ.

ಬೀಡಿ ಕಾಸು ಎಂದು ಬರೆದಿದ್ದೆ. ಅಂಥ ಬೀಡಿ ಯಾರೂ ಸೇದುವುದಿಲ್ಲ.

ಇಪ್ಪತ್ತು ಸಾವಿರ.

ಅಲ್ಲ. ಇಲ್ಲಾದರೂ ಸರಿಯಾಗಿ ಹಾಕೋಣ. ಬೀಗದವನು ಕೇಳಿದ್ದು ಒಂದು ಲಕ್ಷ ಇಪ್ಪತ್ತು. ಅದರಲ್ಲಿ ಅವಳದು ನಲವತ್ತು, ವಾಪಸ್ ಬಂದದ್ದೂ ನಲವತ್ತು, ಅದು ಅವಳಿಗೆ ಹೋಯಿತು. ಉಳಿದ ಎಂಬತ್ತು ನನ್ನದು. ಅದರ ಮೇಲೆ ಸಿಮೆಂಟು, ಮರಳು, ಡಿಸೆಂಬರಿನ ಬಾಡಿಗೆ ಅವಳಿಗೆ ಗೊತ್ತಿಲ್ಲದೆ ಕಟ್ಟಿದ್ದು. ಗೋಡೆ ಗೋಡೆ ಎಂದು ಮೂವತ್ತೆಂಟು ವರ್ಷ ಎಬ್ಬಿಸಿ ಉಳಿಸಿಕೊಂಡು ಬ್ಯಾಂಕಿನಲ್ಲಿ ಇಟ್ಟದ್ದೆಲ್ಲ ಇದಕ್ಕೇ ಹೋಯಿತು, ಒಟ್ಟು —

ಎಂಬತ್ತಾರು ಸಾವಿರದ ನಾನೂರು.